ಕಪ್ಪು ಮಕ್ಕಳ ಕತೆಯೂ ನಮ್ಮ ಕರಾವಳಿಯ ಪಾಠಶಾಲೆಯೂ

ಮಗುವಿನ ಕೈಗೆ ಪುಸ್ತಕವನ್ನು ಕೊಡುವಾಗ ನಾವು ಅದರ ಬೆಲೆಯನ್ನು ನೋಡುತ್ತೇವೆ. ಅಚ್ಚಿನ ಅಂದವನ್ನು ನೋಡುತ್ತೇವೆ. ಕತೆಯ ಕೊನೆಯಲ್ಲಿ ನೀತಿಯಿದೆಯೇ ಎಂದು ವಿಚಾರಿಸುತ್ತೇವೆ. ಆ ಪುಸ್ತಕದೊಳಗೆ ಯಾವ ಮಗು ಇದೆ, ಯಾವ ಮಗು ಇಲ್ಲ ಎಂಬುದನ್ನು ಮಾತ್ರ ನೋಡುವುದಿಲ್ಲ. ಕತೆಯಲ್ಲಿ ಎಂದೂ ಕಾಣಿಸಿಕೊಳ್ಳದ ಮಗು, ತಾನು ಕತೆಗೆ ತಕ್ಕವನಲ್ಲವೆಂದು ಸದ್ದಿಲ್ಲದೆ ತೀರ್ಮಾನಿಸಿಕೊಳ್ಳುತ್ತದೆ. ಎಲ್ಲ ಕತೆಗಳಲ್ಲಿಯೂ ತನ್ನನ್ನೇ ಕಾಣುವ ಮಗು, ಜಗತ್ತೆಂದರೆ ತಾನೇ ಎಂದು ಭಾವಿಸಿಕೊಂಡು ಬೆಳೆಯುತ್ತದೆ. ಇವೆರಡೂ ವಿದ್ಯೆಗೆ ಒದಗಿದ ಕೇಡುಗಳೇ ಸರಿ.

ಈ ಮಾತನ್ನು ಅಂಕಿಗಳ ಸಮೇತ ಎತ್ತಿ ತೋರಿಸಿದವರು ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲಾರಿಕ್. 1962ರಿಂದ 1964ರವರೆಗಿನ ಮೂರು ವರ್ಷಗಳಲ್ಲಿ ಅಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಅವುಗಳಲ್ಲಿ ಒಬ್ಬನೇ ಒಬ್ಬ ಕಪ್ಪು ವ್ಯಕ್ತಿಯಾದರೂ ಇದ್ದ ಪುಸ್ತಕಗಳು 349 ಮಾತ್ರ. ನೂರಕ್ಕೆ ಏಳೂ ತುಂಬಲಿಲ್ಲ. 1965ರಲ್ಲಿ ಆ ಲೇಖನ ಪ್ರಕಟವಾದಾಗ ಪ್ರಕಾಶಕರೂ ಗ್ರಂಥಪಾಲಕರೂ ತಮ್ಮ ಕಪಾಟುಗಳನ್ನು ಹೊಸ ಕಣ್ಣಿನಿಂದ ನೋಡಬೇಕಾಯಿತು.

ಆದರೆ ಕಪ್ಪು ಜನಾಂಗದ ಹಿರಿಯರು ಅದಕ್ಕೂ ಬಹಳ ಮೊದಲೇ ಎಚ್ಚೆತ್ತಿದ್ದರು. ಡಬ್ಲ್ಯೂ. ಇ. ಬಿ. ಡುಬಾಯ್ಸ್ ಎಂಬ ವಿದ್ವಾಂಸರು 'ದಿ ಕ್ರೈಸಿಸ್' ಎಂಬ ಪತ್ರಿಕೆಯ ಸಂಪಾದಕರಾಗಿದ್ದರು. ಕಪ್ಪು ಜನರನ್ನು ಗುಂಪುಗೂಡಿ ಕೊಂದ ಸುದ್ದಿಗಳನ್ನು ಅದರಲ್ಲಿ ಅಚ್ಚು ಹಾಕಲೇಬೇಕಾಗುತ್ತಿತ್ತು. ಮನೆಯ ಮಕ್ಕಳೂ ಅದನ್ನು ಓದುತ್ತಿದ್ದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳು, ತಾನು ಬಿಳಿಯರನ್ನು ದ್ವೇಷಿಸುತ್ತೇನೆಂದು ಕಾಗದ ಬರೆದಳು. ಸಂಪಾದಕರು ಬೆಚ್ಚಿದರು. ಸತ್ಯವನ್ನು ಮುಚ್ಚಿಡುವಂತಿಲ್ಲ, ಆದರೆ ಮಗುವಿನ ಹೃದಯ ವಿಷವಾಗಲೂಬಾರದು. ಈ ಸಂಕಟದಿಂದ ಹುಟ್ಟಿದ್ದೇ 'ದಿ ಬ್ರೌನೀಸ್ ಬುಕ್' ಎಂಬ ಮಕ್ಕಳ ಮಾಸಪತ್ರಿಕೆ. 1920ರ ಜನವರಿಯಿಂದ 1921ರ ಡಿಸೆಂಬರ್‌ವರೆಗೆ 24 ಸಂಚಿಕೆಗಳು ಹೊರಬಂದವು. ಜೆಸ್ಸಿ ಫಾಸೆಟ್ ಎಂಬ ಲೇಖಕಿ ಅದರ ಸಾಹಿತ್ಯದ ಹೊಣೆ ಹೊತ್ತಿದ್ದರು. ಮುಂದೆ ಮಹಾಕವಿಯೆನಿಸಿದ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಮೊದಮೊದಲ ರಚನೆಗಳು ಬೆಳಕು ಕಂಡದ್ದು ಅಲ್ಲಿಯೇ. ಎರಡೇ ವರ್ಷ ಬಾಳಿದ ಒಂದು ಮಾಸಪತ್ರಿಕೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಇದೇ ಡುಬಾಯ್ಸ್ ಅವರಿಗೆ 1946ರಲ್ಲಿ ಡಾ. ಅಂಬೇಡ್ಕರ್ ಅವರು ಪತ್ರ ಬರೆದು, ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯವನ್ನು ಪ್ರಸ್ತಾಪಿಸಿದ್ದರು. ಆದುದರಿಂದ ಈ ವಿಷಯ ನಮಗೆ ತೀರ ಪರದೇಶದ್ದಲ್ಲ.

1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ವಿದುಷಿ ಇದಕ್ಕೊಂದು ಸರಳವಾದ ಉಪಮೆಯನ್ನು ಕೊಟ್ಟರು. ಮಕ್ಕಳ ಪುಸ್ತಕವು ಕೆಲವೊಮ್ಮೆ ಕಿಟಕಿ. ಅದರ ಮೂಲಕ ಅನ್ಯರ ಬದುಕು ಕಾಣುತ್ತದೆ. ಕೆಲವೊಮ್ಮೆ ಕನ್ನಡಿ, ಅದರಲ್ಲಿ ತನ್ನ ಮುಖವೇ ಕಾಣುತ್ತದೆ. ಮತ್ತೆ ಕೆಲವೊಮ್ಮೆ ಸರಿಸಿ ಒಳಹೋಗಬಹುದಾದ ಗಾಜಿನ ಬಾಗಿಲು. ಎಲ್ಲ ಮಕ್ಕಳಿಗೂ ಈ ಮೂರೂ ಬೇಕು ಎಂಬುದು ಅವರ ಮತ. ಈ ಉಪಮೆಯನ್ನು ಹಿಡಿದುಕೊಂಡು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳೊಳಗೆ ಒಮ್ಮೆ ಇಣುಕಿ ನೋಡೋಣ.

ಕಪ್ಪು ಜನರ ಸಾಹಿತ್ಯ ಈ ಶಾಲೆಗಳಿಗೆ ಹೊಸದಾಗಿ ಬರಬೇಕಾಗಿಲ್ಲ, ಆಗಲೇ ಬಂದಿದೆ. ರಾಜ್ಯದ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಕಾರ್ಲ್ ವೆಂಡೆಲ್ ಹೈನ್ಸ್ ಅವರ 'ಜಾಜ್ ಪೊಯಮ್ ಟೂ' ಎಂಬ ಕವಿತೆಯನ್ನು ಸಾವಿರಾರು ಮಕ್ಕಳು ಓದಿದ್ದಾರೆ. ಸುಕ್ಕುಗಟ್ಟಿದ ಮುಖದ, ಮಾಸಿದ ಬಟ್ಟೆಯ ಮುದುಕನೊಬ್ಬ ಕೊರಳಿಗೆ ಸ್ಯಾಕ್ಸೊಫೋನ್ ತೂಗಿಹಾಕಿಕೊಂಡು ನಿಂತಿರುವ ಚಿತ್ರವದು. ಸಾಮಾನ್ಯವಾಗಿ ತರಗತಿಯಲ್ಲಿ ಏನಾಗುತ್ತದೆ? ಕಠಿಣ ಪದಗಳ ಅರ್ಥ ಬರೆಸಲಾಗುತ್ತದೆ, ನಾಲ್ಕು ಅಂಕದ ಪ್ರಶ್ನೆಗೆ ಉತ್ತರ ಬಾಯಿಪಾಠವಾಗುತ್ತದೆ, ಪರೀಕ್ಷೆ ಮುಗಿದೊಡನೆ ಮುದುಕ ಮರೆಯಾಗುತ್ತಾನೆ.

ವಾಸ್ತವವಾಗಿ ಕರಾವಳಿಯ ಮಗುವಿನಷ್ಟು ಹತ್ತಿರದಿಂದ ಆ ವಾದ್ಯವನ್ನು ಬಲ್ಲ ಮಗು ನಾಡಿನ ಬೇರೆಡೆ ದೊರೆಯುವುದು ವಿರಳ. ಮದುವೆಯ ಚಪ್ಪರದಲ್ಲಿ, ರಥೋತ್ಸವದಲ್ಲಿ ಸ್ಯಾಕ್ಸೊಫೋನ್ ಇಲ್ಲಿ ಮಂಗಳವಾದ್ಯವೇ ಆಗಿಬಿಟ್ಟಿದೆ. ಬಂಟ್ವಾಳದ ಕಡೆಯ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ಪರದೇಶಿ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡು ಜಗತ್ಪ್ರಸಿದ್ಧರಾದರು, 2019ರಲ್ಲಿ ತೀರಿಕೊಂಡರು. ಉಪಾಧ್ಯಾಯರು ಇಲ್ಲಿಂದ ಪಾಠವನ್ನು ಆರಂಭಿಸಿದರೆ ಸಾಕು, ಅಮೆರಿಕದ ಮುದುಕ ನಮ್ಮ ಊರಿನ ವಾದ್ಯಗಾರನ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ. ಆಗ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ನಮ್ಮ ಉತ್ಸವಗಳಲ್ಲಿ ಯಾವ ವಾದ್ಯ ಪ್ರಾಂಗಣದ ಒಳಗೆ ನುಡಿಯುತ್ತಿತ್ತು, ಯಾವುದು ಹೊರಗೆ ದೂರದಲ್ಲಿ ನುಡಿಯಬೇಕಾಗಿತ್ತು? ಕೊರಗರ ಡೋಲು ಎಲ್ಲಿತ್ತು? ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕ ಹೇಳುವುದಿಲ್ಲ. ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರಬೇಕು.

ಪದವಿಪೂರ್ವ ಪ್ರಥಮ ವರ್ಷದ 'ಸ್ಟ್ರೀಮ್ಸ್' ಎಂಬ ಇಂಗ್ಲಿಷ್ ಪಠ್ಯದಲ್ಲಿ ಇನ್ನೂ ಹೆಚ್ಚಿನ ಸಾಮಗ್ರಿಯಿತ್ತು. ಕೆನ್ಯಾದ ನಾಯಕ ಜೋಮೊ ಕೆನ್ಯಾಟ ಹೇಳಿದ ಕಾಡಿನ ಕತೆ ಅದರಲ್ಲಿ ಸೇರಿತ್ತು. ಮಳೆಯಿಂದ ಸೊಂಡಿಲನ್ನಷ್ಟೇ ಕಾಪಾಡಿಕೊಳ್ಳುತ್ತೇನೆಂದು ಬಂದ ಆನೆ, ಮನುಷ್ಯನ ಗುಡಿಸಲನ್ನೇ ಆಕ್ರಮಿಸುತ್ತದೆ. ವಿಚಾರಣಾ ಮಂಡಳಿಯಲ್ಲಿ ಕುಳಿತವರೆಲ್ಲ ಮೃಗಗಳೇ. ಅದೇ ಪುಸ್ತಕದಲ್ಲಿ ನಮ್ಮ ಮೂಡ್ನಾಕೂಡು ಚಿನ್ನಸ್ವಾಮಿಯವರ ಕವಿತೆಯೂ ಇತ್ತು. ತಾನು ಮರವಾಗಿದ್ದರೆ ಹಕ್ಕಿ ಗೂಡು ಕಟ್ಟುವ ಮೊದಲು ತನ್ನ ಜಾತಿಯನ್ನು ಕೇಳುತ್ತಿರಲಿಲ್ಲ ಎಂಬುದು ಅದರ ಭಾವ. ಎರಡನ್ನೂ ಒಂದೇ ವಾರದಲ್ಲಿ ಜೊತೆಜೊತೆಯಾಗಿ ಬೋಧಿಸುವ ಉಪನ್ಯಾಸಕರು ನಿಜವಾಗಿಯೂ ಪಾಠ ಮಾಡಿದಂತೆ; ಬೇರೆಬೇರೆಯಾಗಿ ಮುಗಿಸುವವರು ಪಠ್ಯವನ್ನು ಮುಗಿಸಿದಂತೆ.

ಆ ಪುಸ್ತಕದಲ್ಲಿಯೇ ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥೆಯ ಭಾಗವೂ ಇತ್ತು. ಗುಲಾಮರಾಗಿ ಹುಟ್ಟಿ, ಕದ್ದುಮುಚ್ಚಿ ಅಕ್ಷರ ಕಲಿತು, ತಪ್ಪಿಸಿಕೊಂಡು ಸ್ವತಂತ್ರರಾಗಿ, 1845ರಲ್ಲಿ ತಮ್ಮ ಕತೆಯನ್ನು ತಾವೇ ಬರೆದು ಪ್ರಕಟಿಸಿದ ಧೀಮಂತರು ಅವರು. ತಾನು ಹುಟ್ಟಿದ ದಿನವೇ ತನಗೆ ತಿಳಿಯದು ಎಂಬ ವೇದನೆಯನ್ನು ಅವರು ಮೊದಲ ಅಧ್ಯಾಯದಲ್ಲಿಯೇ ತೋಡಿಕೊಂಡಿದ್ದಾರೆ. ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದರೆ ಅನೇಕ ಮಕ್ಕಳ ಜನ್ಮದಿನ ಜೂನ್ 1 ಎಂದಿರುವುದು ಕಾಣುತ್ತದೆ. ಹೆತ್ತವರಿಗೆ ತಾರೀಖು ತಿಳಿಯದಾಗ ಮುಖ್ಯೋಪಾಧ್ಯಾಯರು ಶಾಲೆ ತೆರೆಯುವ ಸಮಯದ ದಿನವನ್ನೇ ಬರೆದುಕೊಳ್ಳುವ ರೂಢಿಯಿತ್ತು. ಯಾರ ಮನೆಯ ಹಿರಿಯರ ಹುಟ್ಟಿದ ದಿನ ಜಾತಕದಲ್ಲಿ ಘಳಿಗೆ ಸಹಿತ ಬರೆದಿದೆ, ಯಾರದು ಜೂನ್ ಒಂದು? ಇಷ್ಟನ್ನು ವಿದ್ಯಾರ್ಥಿಗಳೇ ವಿಚಾರಿಸಿಕೊಂಡು ಬಂದರೆ, ಡಗ್ಲಾಸರ ಮೊದಲ ಪುಟ ಯಾವ ಟಿಪ್ಪಣಿಯೂ ಇಲ್ಲದೆ ಅರ್ಥವಾಗುತ್ತದೆ.

ಇಲ್ಲೊಂದು ಅಪಾಯವೂ ಉಂಟು. ಅದನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ. ದೂರದವರ ದುಃಖಕ್ಕೆ ಕಣ್ಣೀರು ಸುರಿಸುವುದು ಸುಲಭ. ಅಮೆರಿಕದ ಬಿಳಿಯರು ಎಷ್ಟು ಕ್ರೂರಿಗಳೆಂದು ನಮ್ಮ ಮಕ್ಕಳು ಉದ್ಗರಿಸಿ, ಪುಸ್ತಕ ಮಡಚಿಟ್ಟು, ಬಿಡುವಿನಲ್ಲಿ ಸಹಪಾಠಿಯನ್ನು 'ಕರಿಯ' ಎಂದು ಕೂಗಿ ನಗಬಹುದು. ಕಿಟಕಿಯಿಂದ ಹೊರಗೆ ನೋಡಿದ್ದಾಯಿತು. ಕನ್ನಡಿಯ ಕಡೆಗೆ ಬೆನ್ನು ತಿರುಗಿಸಿದ್ದೂ ಆಯಿತು.

ನಮ್ಮ ಕನ್ನಡಿಯಲ್ಲಿ ಏನಿದೆ? ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕೊರಗ ಸಮುದಾಯ ಬುಟ್ಟಿ ಹೆಣೆಯುವುದರಲ್ಲಿ, ಡೋಲು ಕೊಳಲುಗಳಲ್ಲಿ ನಿಪುಣವಾದುದು. ಬುಡಕಟ್ಟುಗಳಲ್ಲೆಲ್ಲ ಅತ್ಯಂತ ದುರ್ಬಲವೆಂದು ಸರಕಾರ ಗುರುತಿಸಿರುವುದೂ ಹೌದು. ಅವರನ್ನು 'ಅಜಲು' ಎಂಬ ಪದ್ಧತಿಗೆ ಗುರಿಮಾಡಲಾಗಿತ್ತು. ಕೂದಲು, ಉಗುರುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಲು ಕೊಡುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಮುಂತಾದವನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ನೆಯ ಇಸವಿಯಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷದಲ್ಲಿ ಇಂಥ ಕಾಯಿದೆಯೊಂದು ಅವಶ್ಯವೆನಿಸಿತೆಂಬುದು ನಾವೆಲ್ಲರೂ ತಲೆತಗ್ಗಿಸಬೇಕಾದ ಸಂಗತಿ. ಮೈಗೆ ಮಸಿ ಬಳಿದುಕೊಂಡು 'ಕೊರಗ ವೇಷ' ಹಾಕಿ ಬೀದಿಯಲ್ಲಿ ನಗಿಸುವ ರೂಢಿಯನ್ನು ಆ ಸಮುದಾಯದ ಸಂಘಟನೆಗಳು ವಿರೋಧಿಸುತ್ತಲೇ ಬಂದಿವೆ. ಅಮೆರಿಕದಲ್ಲಿಯೂ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ನಾಟಕಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳ ಜನಪ್ರಿಯವಾಗಿದ್ದವು. ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಗುವಿಗೆ ಮಸಿ ಬಳಿಯುವ ಮೊದಲು ಹೆತ್ತವರು ಈ ಎರಡನ್ನೂ ನೆನೆಯುವುದು ಒಳ್ಳೆಯದು.

ಈಗ ಎರಡು ಪುಸ್ತಕಗಳನ್ನು ಎದುರೆದುರು ಇಟ್ಟು ನೋಡೋಣ. ಮಿಲ್ಡ್ರೆಡ್ ಟೇಲರ್ ಎಂಬ ಕಪ್ಪು ಲೇಖಕಿಯ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬ ಮಕ್ಕಳ ಕಾದಂಬರಿ 1976ರಲ್ಲಿ ಪ್ರಕಟವಾಗಿ, ಮರುವರ್ಷ ನ್ಯೂಬರಿ ಪದಕವನ್ನು ಪಡೆಯಿತು. ಕತೆ ನಡೆಯುವುದು 1933ರಲ್ಲಿ, ಮಿಸಿಸಿಪಿಯಲ್ಲಿ. ಶಾಲೆಗೆ ಹೊಸದಾಗಿ ಸೇರಿದ ಪುಟ್ಟ ಹುಡುಗನಿಗೆ ಪುಸ್ತಕ ಕೊಡುತ್ತಾರೆ. ಬಿಳಿಯ ಮಕ್ಕಳು ವರ್ಷಗಟ್ಟಲೆ ಬಳಸಿ, ಹಾಳೆ ಹರಿದು ಕೊಳೆಯಾದ ಮೇಲೆ ಅದು ಕಪ್ಪು ಮಕ್ಕಳ ಪಾಲಿಗೆ ಬಂದಿದೆ. ರಕ್ಷಾಪುಟದ ಒಳಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ಜನಾಂಗವನ್ನು ಹೀನಪದದಿಂದ ನಮೂದಿಸಿರುವುದನ್ನು ಓದಿಕೊಂಡ ಆ ಬಾಲಕ ಪುಸ್ತಕವನ್ನು ನೆಲಕ್ಕೆ ಹಾಕಿ ತುಳಿಯುತ್ತಾನೆ. ಓದಲು ಬಂದದ್ದೇ ಅವನ ಸಂಕಟಕ್ಕೆ ಕಾರಣ! ಆ ಕುಟುಂಬಕ್ಕೆ 400 ಎಕರೆ ಸ್ವಂತ ನೆಲವಿದೆ. ಅದನ್ನು ಉಳಿಸಿಕೊಳ್ಳುವುದೇ ಇಡೀ ಕತೆಯ ಹೋರಾಟ.

ಅದೇ 1933ರಲ್ಲಿ, ಈಗಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಪ್ರಕಟಿಸಿದರು. ಜೋಡಿ ಎತ್ತುಗಳಿದ್ದೂ ಉಳಲು ನೆಲವಿಲ್ಲದ ಚೋಮ ಅದರ ನಾಯಕ. ಅಲ್ಲಿ ಇರುವ ನೆಲವನ್ನು ಉಳಿಸಿಕೊಳ್ಳುವ ಹಟ, ಇಲ್ಲಿ ಇಲ್ಲದ ನೆಲವನ್ನು ಬಯಸುವ ತಪ್ಪಿಗೆ ಶಿಕ್ಷೆ. ಏಳೆಂಟನೆಯ ತರಗತಿಯ ಮಕ್ಕಳ ಮುಂದೆ ಈ ಎರಡು ಮನೆಗಳನ್ನು ಇಟ್ಟು, ನೆಲವೆಂದರೆ ಮನುಷ್ಯನಿಗೆ ಏನು ಎಂದು ಕೇಳಿ ನೋಡಬೇಕು. ಗೇಣಿ, ಒಕ್ಕಲು, ಭೂಸುಧಾರಣೆಗಳ ನೆನಪು ಇನ್ನೂ ಹಸಿಯಾಗಿರುವ ಈ ಪ್ರದೇಶದಲ್ಲಿ ಉತ್ತರ ಕೊಡಲು ಮಕ್ಕಳು ಹಿಂಜರಿಯಲಾರರು.

ಇನ್ನೊಂದು ಸೂಕ್ಷ್ಮವೂ ಇದೆ. ಚೋಮನ ಕತೆಯನ್ನು ಬರೆದವರು ಚೋಮನ ಕೇರಿಯವರಲ್ಲ. 1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ 'ದಿ ಸ್ನೋಯಿ ಡೇ' ಎಂಬ ಚಿತ್ರಪುಸ್ತಕವನ್ನು ತಂದಾಗಲೂ ಹೀಗೆಯೇ. ಕೆಂಪು ಅಂಗಿ ತೊಟ್ಟ ಕಪ್ಪು ಬಾಲಕ ಪೀಟರ್ ಹಿಮದಲ್ಲಿ ಆಡುವ ಆ ಪುಸ್ತಕಕ್ಕೆ 1963ರ ಕಾಲ್ಡೆಕಾಟ್ ಪದಕ ದೊರೆಯಿತು. ಆದರೆ ಬರೆದವರು ಕಪ್ಪು ಜನಾಂಗದವರಲ್ಲ. ಹೊರಗಿನವರು ಪ್ರೀತಿಯಿಂದ ಬರೆದದ್ದನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಅಷ್ಟಕ್ಕೇ ನಿಲ್ಲಲೂಬಾರದು. ಒಳಗಿನವರು ತಾವೇ ಬರೆದಾಗ ಬೇರೊಂದು ಸ್ವರ ಕೇಳಿಸುತ್ತದೆ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂದಾಗ, ಶಾಲೆಯ ದಿನಗಳ ಅವಮಾನವನ್ನು ಅನುಭವಿಸಿದವರ ಬಾಯಿಂದಲೇ ನಾವು ಕೇಳಿದೆವು. ಪ್ರೌಢಶಾಲೆಯ ಮಕ್ಕಳಿಗೆ ಆಯ್ದ ಪುಟಗಳನ್ನು ಓದಿ ಹೇಳಬಹುದು.

ಪೀಟರ್‌ನ ಕತೆಯಿಂದ ಕಲಿಯಬೇಕಾದ ಪಾಠ ಮತ್ತೊಂದಿದೆ. ಅದರಲ್ಲಿ ದುಃಖವಿಲ್ಲ, ದೌರ್ಜನ್ಯವಿಲ್ಲ. ಒಂದು ಮಗು ಬೆಳಗಾಗೆದ್ದು ಹಿಮವನ್ನು ಕಂಡು ಸಂತೋಷಪಡುತ್ತದೆ, ಅಷ್ಟೇ. ದಮನಿತರ ಮಕ್ಕಳೆಂದರೆ ಸದಾ ಅಳುತ್ತಿರುವವರೆಂದು ತೋರಿಸುವುದೂ ಒಂದು ಬಗೆಯ ಅನ್ಯಾಯ. ಕೊರಗರ ಮಗುವೊಂದು ಮೊದಲ ಮಳೆಯಲ್ಲಿ ನೆನೆದ ಕತೆ, ಕುಡುಬಿಯರ ಮಗು ಹೋಳಿಯ ಗುಮಟೆಯ ಸದ್ದಿಗೆ ಕುಣಿದ ಕತೆ, ಮೊಗವೀರರ ಹುಡುಗಿ ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳನ್ನು ಎಣಿಸಿದ ಕತೆ ನಮ್ಮ ಶಾಲೆಯ ಕಪಾಟಿನಲ್ಲಿ ಎಷ್ಟಿವೆ? ಇಲ್ಲವಾದರೆ ಮಕ್ಕಳಿಂದಲೇ ಬರೆಸಬಹುದು. ನೋಟುಪುಸ್ತಕದ ಹಾಳೆಗಳನ್ನು ಹೊಲಿದು ಕಟ್ಟಿದರೂ ಪುಸ್ತಕವೇ.

ಆಫ್ರಿಕಾದ ಮೂಲವನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾಗಿಯೂ ಇಲ್ಲ. ಬೈಂದೂರಿನ ಶಿರೂರು ದಾಟಿದರೆ ಉತ್ತರ ಕನ್ನಡ ಜಿಲ್ಲೆ. ಅದರ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಗೋವೆಯ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸಂತತಿಯವರು ಅವರು. ನಮ್ಮಂತೆಯೇ ಕನ್ನಡ, ಕೊಂಕಣಿ ಮಾತನಾಡುವವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಸಿದ್ದಿ ಜನರಿಂದಲೇ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನು ಆಡಿಸಿದರು. ಅದು ನೈಜೀರಿಯಾದ ಚಿನುವ ಅಚೆಬೆಯವರ ಕಾದಂಬರಿಯ ರೂಪಾಂತರ. ಆಫ್ರಿಕಾದ ಕತೆ ಆಫ್ರಿಕಾ ಮೂಲದ ಕನ್ನಡಿಗರ ಮೈಮೇಲೆ ಕನ್ನಡದಲ್ಲಿ ಬಂತು! ಕಿಟಕಿಯೇ ಕನ್ನಡಿಯಾದ ಇಂಥ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆಯೆಂದು ಮಕ್ಕಳಿಗೆ ತಿಳಿಸಬೇಡವೇ?

ಇದನ್ನೆಲ್ಲ ಬೋಧಿಸುವಾಗ ಉಪಾಧ್ಯಾಯ ಬಂಧುಗಳು ಕೆಲವು ಎಚ್ಚರಿಕೆಗಳನ್ನು ಪಾಲಿಸುವುದು ಅವಶ್ಯ. ತರಗತಿಯಲ್ಲಿ ಕೊರಗರ ಅಥವಾ ದಲಿತರ ಮಗುವಿದ್ದರೆ, 'ನೀನು ಎದ್ದು ನಿಂತು ನಿನ್ನ ಅನುಭವ ಹೇಳು' ಎಂದು ಎಂದಿಗೂ ಒತ್ತಾಯಿಸಬಾರದು. ಆ ಮಗು ಪಾಠೋಪಕರಣವಲ್ಲ. ಪುಸ್ತಕದಲ್ಲಿ ಬರುವ ಹೀನಪದಗಳನ್ನು ಗಟ್ಟಿಯಾಗಿ ಓದಿಸಬಾರದು. ಒಡೆಯ ಮತ್ತು ಗುಲಾಮರ ಪಾತ್ರಗಳನ್ನು ಮಕ್ಕಳಿಗೆ ಹಂಚಿ ಆಟವಾಡಿಸಬಾರದು. ನಕ್ಕವನನ್ನು ಹೊಡೆಯುವುದರ ಬದಲು, ನಗು ಏಕೆ ಬಂತೆಂದು ಶಾಂತವಾಗಿ ವಿಚಾರಿಸಬೇಕು. ಭಾಷೆಯ ವಿಷಯದಲ್ಲಿಯೂ ಅಷ್ಟೇ. ಅಮೆರಿಕದ ಕಪ್ಪು ಲೇಖಕರು ತಮ್ಮ ಮನೆಮಾತನ್ನು ಪುಸ್ತಕಕ್ಕೆ ತಂದು ಅದಕ್ಕೆ ಗೌರವ ತಂದುಕೊಟ್ಟರು. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು ಇಲ್ಲಿನ ಆಡುನುಡಿಯನ್ನು ಕತೆಗಳಿಗೆ ತಂದರು. ಮಕ್ಕಳಿಗಾಗಿ ಅನೇಕ ನಾಟಕಗಳನ್ನೂ ಬರೆದರು. 'ಹೋಪುಕೆ', 'ಬಪ್ಪುಕೆ' ಎನ್ನುವ ಮಗುವಿನ ಬಾಯಿ ಮುಚ್ಚಿಸದೆ, ಓದಿದ ಕತೆಯನ್ನು ಮೊದಲು ಅದರ ಮಾತಿನಲ್ಲಿಯೇ ಹೇಳಿಸಿ, ಆಮೇಲೆ ಗ್ರಂಥಭಾಷೆಯಲ್ಲಿ ಬರೆಸಿದರೆ ಎರಡೂ ಕಲಿತಂತಾಯಿತು.

'ಎಳೆಯ ಮಕ್ಕಳಿಗೆ ಇಂಥ ಕಹಿ ಸಂಗತಿಗಳೇಕೆ? ಏನೂ ಅರಿಯದವರ ಮನಸ್ಸಿನಲ್ಲಿ ಭೇದವನ್ನು ನಾವೇ ಬಿತ್ತಿದಂತಾಗದೇ?' ಎಂದು ಕೆಲವು ತಾಯಂದಿರು ಕೇಳಬಹುದು. ಈ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಆದರೆ 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್ ನಗರದ ಬಿಳಿಯರ ಶಾಲೆಗೆ ಸರಕಾರಿ ಕಾವಲಿನೊಡನೆ ನಡೆದುಹೋದ ರೂಬಿ ಬ್ರಿಜಸ್‌ಗೆ ಆಗ ಆರೇ ವರ್ಷ. ಇತರರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದುದರಿಂದ, ವರ್ಷವಿಡೀ ಒಬ್ಬಳೇ ಬಾಲೆ, ಒಬ್ಬರೇ ಉಪಾಧ್ಯಾಯಿನಿ ಎಂಬಂತೆ ಪಾಠ ನಡೆಯಿತು. ಭೇದವನ್ನು ಅನುಭವಿಸಲು ಆರು ವರ್ಷ ಸಾಕಾದರೆ, ಅದನ್ನು ತಿಳಿಯಲು ನಮ್ಮ ಮಕ್ಕಳಿಗೆ ಹತ್ತು ವರ್ಷ ಸಾಲದೆ? ಭೇದವನ್ನು ಕತೆ ಬಿತ್ತುವುದಿಲ್ಲ. ಅಡುಗೆಮನೆಯಲ್ಲಿ ಬೇರೆಯಾಗಿ ಇಟ್ಟ ಲೋಟ ಅದನ್ನು ಬಿತ್ತುತ್ತದೆ. ಸೊಸೆಯ ಬಣ್ಣದ ಬಗೆಗೆ ಹಿರಿಯರು ಆಡುವ ಮಾತು ಬಿತ್ತುತ್ತದೆ. ಕತೆ ಅದರ ಮೇಲೆ ಬೆಳಕು ಚೆಲ್ಲುತ್ತದೆ, ಅಷ್ಟೇ.

ಆದುದರಿಂದ ಈ ಕೆಲಸ ಶಾಲೆಯದು ಮಾತ್ರವಲ್ಲ, ಮನೆಯದೂ ಹೌದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ 'ಓದುವ ಬೆಳಕು' ಕಾರ್ಯಕ್ರಮವನ್ನು ರಾಜ್ಯ ಸರಕಾರ 2020ರಲ್ಲಿ ಆರಂಭಿಸಿತು. ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ನೋಂದಾಯಿಸಬಹುದು. ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ಎಂಬ ಅಂತರ್ಜಾಲ ಭಂಡಾರದಲ್ಲಿ ಕನ್ನಡದ ಚಿತ್ರಕತೆಗಳು ಧಾರಾಳವಾಗಿ ಉಚಿತವಾಗಿವೆ. ಹೆಚ್ಚು ಪ್ರೌಢರಾದವರಿಗೆ ಅಲೆಕ್ಸ್ ಹೇಲಿಯವರ 'ರೂಟ್ಸ್' ಕಾದಂಬರಿ ಬಂಜಗೆರೆ ಜಯಪ್ರಕಾಶರ ಕನ್ನಡದಲ್ಲಿ 'ತಲೆಮಾರು' ಎಂಬ ಹೆಸರಿನಿಂದ ದೊರೆಯುತ್ತದೆ. ರಾತ್ರಿ ಊಟವಾದ ಮೇಲೆ ತಂದೆಯೋ ತಾಯಿಯೋ ಹತ್ತು ನಿಮಿಷ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

ಓದಿ ಮುಗಿಸಿದ ಮೇಲೆ ಮಗುವನ್ನು ಒಂದೇ ಒಂದು ಪ್ರಶ್ನೆ ಕೇಳಿರಿ: 'ನಿನ್ನ ತರಗತಿಯಲ್ಲಿ ಯಾರ ಪಕ್ಕದಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ?' ಮಗುವಿಗೆ ಉತ್ತರ ಗೊತ್ತಿರುತ್ತದೆ. ಮರುದಿನ ಬೆಳಿಗ್ಗೆ ಅದು ತಾನಾಗಿಯೇ ಆ ಪೀಠದ ಕಡೆಗೆ ಹೋಗಿ ಕುಳಿತರೆ, ಕತೆಯನ್ನು ಓದಿದ್ದು ಸಾರ್ಥಕವಾಯಿತೆಂದು ತಿಳಿಯಬಹುದು.